ಜಾತ್ರೆ ಡ್ಯೂಟಿಯಿಂದ ಶುರುವಾದ ಪೊಲೀಸ್ ಪಡೆ: ಡಾಕ್ಟರ್ ಚಾಂಡ್ಲರ್ ಕಟ್ಟಿದ ಬೂದು ಸಮವಸ್ತ್ರದ ಕಥೆ

ಜಾತ್ರೆ ಹತ್ತಿರ ಬಂತು ಅಂದ್ರೆ ಊರಿಗೆ ಮೊದಲು ಬರೋದು ಬೆಂಡು-ಬತ್ತಾಸಿನ ಅಂಗಡಿಗಳು. ಆಮೇಲೆ ತೊಟ್ಟಿಲು, ಜೈಂಟ್ ವೀಲ್. ಅದರ ಹಿಂದೆಯೇ ಹೊರಗಿನ ಪೊಲೀಸರ ವ್ಯಾನು. ತೇರಿನ ದಿನದ ಜನಸಾಗರವನ್ನು ತಾಲೂಕು ಠಾಣೆಯ ಸಿಬ್ಬಂದಿ ಒಬ್ಬರೇ ಸಂಭಾಳಿಸೋಕೆ ಆಗಲ್ಲ. ಹಾಗಾಗಿ ಡಿಎಆರ್, ಕೆಎಸ್‌ಆರ್‌ಪಿ ತುಕಡಿ, ಅಕ್ಕಪಕ್ಕದ ಠಾಣೆಯವರು, ಹೋಂ ಗಾರ್ಡ್ಸ್ ಎಲ್ಲರೂ ಬಂದೋಬಸ್ತಿಗೆ ಬರ್ತಾರೆ. ಹೊರಗಿನಿಂದ ಬಂದ ಪೇದೆಗೆ ಆಸ್ಪತ್ರೆಗೆ ಹೋಗೋ ಗಲ್ಲಿ ಯಾವುದು, ಹಾಲಿನ ಗಾಡಿ ಬೆಳಗ್ಗೆ ಯಾವ ರಸ್ತೆಯಲ್ಲಿ ಬರುತ್ತೆ ಅನ್ನೋದು ಗೊತ್ತಿರಲ್ಲ. ಬ್ಯಾರಿಕೇಡ್ ಒಂದು ಅಂಗಡಿ ಆಚೆ ಬಿತ್ತೋ ಈಚೆ ಬಿತ್ತೋ ಅನ್ನೋದರ ಮೇಲೆ ಒಬ್ಬ ವ್ಯಾಪಾರಿಯ ಜಾತ್ರೆ ವ್ಯಾಪಾರವೇ ನಿಂತಿರುತ್ತೆ. ಹೊರಗಿನ ಪೊಲೀಸರು ಬೇಕೇ ಬೇಕು. ಆದರೆ ಅವರು ಬಂದದ್ದು ನೆರವಿಗೋ, ದರ್ಬಾರಿಗೋ ಅನ್ನೋ ಅನುಮಾನ ಮಾತ್ರ ಯಾವಾಗಲೂ ಇದ್ದೇ ಇರುತ್ತೆ.

ಈ ಅನುಮಾನ ಇಲ್ಲಿನದ್ದು ಮಾತ್ರ ಅಲ್ಲ. ನೂರು ವರ್ಷದ ಹಿಂದೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳವೇ ಆಗಿತ್ತು. ಆ ಜಗಳದ ನಡುವೆ ನಿಂತು ಅಲ್ಲಿನ ರಾಜ್ಯ ಪೊಲೀಸ್ ಪಡೆಯನ್ನು ಕಟ್ಟಿದವರು ಪೊಲೀಸ್ ಅಧಿಕಾರಿಯಲ್ಲ, ಒಬ್ಬ ಸರ್ಜನ್. ಹೆಸರು ಜಾರ್ಜ್ ಫ್ಲೆಚರ್ ಚಾಂಡ್ಲರ್. ನ್ಯೂಯಾರ್ಕ್ ರಾಜ್ಯ ಪೊಲೀಸರ ಇತಿಹಾಸ ತೆಗೆದರೆ ಮೊದಲ ಪುಟದಲ್ಲೇ ಸಿಗೋ ಹೆಸರು ಇದು.

ಆಪರೇಷನ್ ಮಾಡ್ತಿದ್ದ ಕೈ

ಚಾಂಡ್ಲರ್ ಹುಟ್ಟಿದ್ದು 1872ರಲ್ಲಿ, ನ್ಯೂಯಾರ್ಕ್ ರಾಜ್ಯದ ಕ್ಲೈಡ್ ಅನ್ನೋ ಚಿಕ್ಕ ಊರಿನಲ್ಲಿ. ಇಲ್ಲಿ ಒಂದು ವಿಷಯ ಗಮನಿಸಬೇಕು. ನ್ಯೂಯಾರ್ಕ್ ಅಂದ ಕೂಡಲೇ ಗಗನಚುಂಬಿ ಕಟ್ಟಡಗಳು ಕಣ್ಣ ಮುಂದೆ ಬರುತ್ತವೆ. ಅದು ನ್ಯೂಯಾರ್ಕ್ ನಗರ. ಆ ನಗರದಾಚೆ ಅದೇ ಹೆಸರಿನ ದೊಡ್ಡ ರಾಜ್ಯವೇ ಇದೆ. ಅಲ್ಲಿ ಹೆಚ್ಚಿನದು ಹಳ್ಳಿ, ಸೇಬಿನ ತೋಟ, ಹಸು ಸಾಕೋ ರೈತರು. ಚಾಂಡ್ಲರ್ ಆ ಕಡೆಯವರು.

ಡಾಕ್ಟರಿಕೆ ಓದಿ ಹಡ್ಸನ್ ನದಿ ದಂಡೆಯ ಕಿಂಗ್‌ಸ್ಟನ್ ಊರಿನಲ್ಲಿ ಸರ್ಜನ್ ಆದರು. ಜೊತೆಗೆ ರಾಜ್ಯದ ನ್ಯಾಷನಲ್ ಗಾರ್ಡ್‌ನಲ್ಲೂ ಇದ್ದರು. ಇದು ಬೇರೆ ಕೆಲಸ ಮಾಡಿಕೊಂಡೇ ಸೈನಿಕ ತರಬೇತಿ ಪಡೆಯೋ ಪಡೆ, ಅಗತ್ಯ ಬಿದ್ದಾಗ ಕರೆಯುತ್ತಾರೆ. 1916ರಲ್ಲಿ ಮೆಕ್ಸಿಕೋ ಗಡಿಯಲ್ಲಿ ಗಲಾಟೆ ಆದಾಗ ಆ ಕಡೆಗೂ ಹೋಗಿ ಬಂದರು. ಮೇಜರ್ ಅನ್ನೋ ಹುದ್ದೆ ಹೆಸರಿನ ಜೊತೆ ಸೇರಿಕೊಳ್ತು.

ಒಂದು ಕೊಲೆ, ಇಬ್ಬರು ಮಹಿಳೆಯರು

ಚಾಂಡ್ಲರ್ ತಮ್ಮ ಪಾಡಿಗೆ ರೋಗಿಗಳನ್ನು ನೋಡ್ತಿದ್ದ ಕಾಲದಲ್ಲಿ, 1913ರಲ್ಲಿ, ನ್ಯೂಯಾರ್ಕ್ ನಗರಕ್ಕೆ ಹತ್ತಿರದ ಬೆಡ್‌ಫರ್ಡ್ ಹಿಲ್ಸ್ ಅನ್ನೋ ಹಳ್ಳಿ ಕಡೆ ಒಂದು ಕೊಲೆ ಆಯ್ತು. ಮೋಯ್ಕಾ ನ್ಯೂಯೆಲ್ ಅನ್ನೋ ಶ್ರೀಮಂತ ಮಹಿಳೆ ಅಲ್ಲಿ ಮನೆ ಕಟ್ಟಿಸುತ್ತಿದ್ದರು. ಕೆಲಸದ ಮೇಸ್ತ್ರಿ ಸ್ಯಾಮ್ ಹೋವೆಲ್ ಕೂಲಿಯವರ ಬಟವಾಡೆ ದುಡ್ಡು ತರ್ತಿದ್ದಾಗ ದಾರಿಯಲ್ಲಿ ಅಡ್ಡಗಟ್ಟಿ ಗುಂಡು ಹಾರಿಸಿದರು. ಹೋವೆಲ್ ದುಡ್ಡು ಬಿಟ್ಟುಕೊಡಲಿಲ್ಲ. ಸಾಯುವ ಮುಂಚೆ ಹೊಡೆದವರು ಯಾರು ಅಂತಲೂ ಹೇಳಿದ. ಆದರೂ ಕೊಲೆಗಾರರು ಸಿಕ್ಕಲಿಲ್ಲ.

ಯಾಕೆ ಸಿಕ್ಕಲಿಲ್ಲ ಅನ್ನೋದು ಮುಖ್ಯ. ಕರ್ನಾಟಕದಲ್ಲಿ ಹಳ್ಳಿಯ ಬೀಟ್ ಪೊಲೀಸಿನಿಂದ ಹಿಡಿದು ಬೆಂಗಳೂರಿನ ಡಿಜಿಪಿವರೆಗೂ ಒಂದೇ ಇಲಾಖೆ. ಅಮೆರಿಕದಲ್ಲಿ ಹಾಗಿಲ್ಲ. ನಗರಕ್ಕೆ ಅದರದ್ದೇ ಪೊಲೀಸ್. ಕೌಂಟಿ ಅಂದ್ರೆ ಜಿಲ್ಲೆಯಂಥದ್ದು, ಅದಕ್ಕೆ ಚುನಾವಣೆಯಲ್ಲಿ ಗೆದ್ದು ಬಂದ ಶೆರಿಫ್. ಹಳ್ಳಿಗಳಲ್ಲಿ ಕಾನ್‌ಸ್ಟೇಬಲ್. ಆ ಕಾಲದ ಹಳ್ಳಿ ಕಾನ್‌ಸ್ಟೇಬಲ್‌ಗೆ ತರಬೇತಿ ಅನ್ನೋದೇ ಇರಲಿಲ್ಲ, ಮಾಡಿದ ಕೆಲಸಕ್ಕೆ ಇಷ್ಟು ಅಂತ ಫೀಸು. ಉಳಿದ ದಿನ ತನ್ನ ಕಸುಬು ತಾನು. ಕಳ್ಳ ಪಕ್ಕದ ಕೌಂಟಿಗೆ ದಾಟಿದರೆ ಬೆನ್ನು ಹತ್ತೋರು ಯಾರೂ ಇರಲಿಲ್ಲ.

ನ್ಯೂಯೆಲ್ ಮತ್ತು ಅವರ ಗೆಳತಿ, ಲೇಖಕಿ ಕ್ಯಾಥರೀನ್ ಮೇಯೋ ಇದನ್ನು ಅಲ್ಲಿಗೇ ಬಿಡಲಿಲ್ಲ. ರಾಜ್ಯಕ್ಕೇ ಒಂದು ಪೊಲೀಸ್ ಪಡೆ ಬೇಕು ಅಂತ ವರ್ಷಗಟ್ಟಲೆ ಪ್ರಚಾರ ಮಾಡಿದರು. ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1905ರಲ್ಲೇ ಅಂಥ ಪಡೆ ಶುರುವಾಗಿತ್ತು. ಅದನ್ನು ಹೊಗಳಿ ಮೇಯೋ ಪುಸ್ತಕವನ್ನೇ ಬರೆದರು.

ಮೇಯೋ ಹೆಸರು ಎಲ್ಲೋ ಕೇಳಿದ ಹಾಗಿದೆ ಅನಿಸಿದರೆ ಅದಕ್ಕೆ ಕಾರಣ ಇದೆ. ಮುಂದೆ 1927ರಲ್ಲಿ ಭಾರತೀಯರನ್ನು ಕೀಳಾಗಿ ತೋರಿಸಿ, ಇವರಿಗೆ ಸ್ವರಾಜ್ಯ ಯಾಕೆ ಅನ್ನೋ ಧಾಟಿಯಲ್ಲಿ ‘ಮದರ್ ಇಂಡಿಯಾ’ ಪುಸ್ತಕ ಬರೆದ ಮಹಿಳೆ ಇವರೇ. ಗಾಂಧೀಜಿ ಆ ಪುಸ್ತಕವನ್ನು ಕಟುವಾಗಿ ಟೀಕಿಸಿದ್ದರು. ದೇಶದ ತುಂಬ ಪ್ರತಿಭಟನೆ ಆಗಿತ್ತು. 1957ರ ನರ್ಗಿಸ್ ಸಿನಿಮಾಕ್ಕೆ ಮೆಹಬೂಬ್ ಖಾನ್ ಅದೇ ಹೆಸರು ಇಟ್ಟದ್ದು ಆ ಪುಸ್ತಕಕ್ಕೆ ಉತ್ತರವಾಗಿಯೇ. ಮೇಯೋ ಪೊಲೀಸರ ಬಗ್ಗೆ ಬರೆದದ್ದರಲ್ಲೂ ವಲಸೆ ಬಂದ ಕೂಲಿಗಳ ಬಗ್ಗೆ ಅದೇ ತಾತ್ಸಾರ ಇತ್ತು. ಹಾಗಾಗಿ ಪೊಲೀಸ್ ಪಡೆ ಬೇಕು ಅನ್ನೋ ಬೇಡಿಕೆ ನ್ಯಾಯವಾದದ್ದೇ ಆದರೂ, ಅದನ್ನು ಕೇಳಿದವರ ಮೇಲೆ ಕಾರ್ಮಿಕರಿಗೆ ನಂಬಿಕೆ ಇರಲಿಲ್ಲ.

ಕೂಲಿಕಾರರ ಭಯ

ಆ ಭಯಕ್ಕೆ ಗಟ್ಟಿ ಕಾರಣವೂ ಇತ್ತು. ಪೆನ್ಸಿಲ್ವೇನಿಯಾದ ರಾಜ್ಯ ಪೊಲೀಸರು ಕುದುರೆ ಮೇಲೆ ಬಂದು ಕಲ್ಲಿದ್ದಲು ಗಣಿ, ಉಕ್ಕಿನ ಕಾರ್ಖಾನೆಗಳ ಮುಷ್ಕರ ಮುರಿದಿದ್ದರು. ಕಾರ್ಮಿಕರು ಅವರನ್ನು ರಷ್ಯಾದ ಚಕ್ರವರ್ತಿಯ ಕುದುರೆ ಸೈನಿಕರಿಗೆ ಹೋಲಿಸಿ ಕೊಸಾಕರು ಅಂತ ಕರೀತಿದ್ದರು. ಹಳ್ಳಿಯ ಕಳ್ಳನನ್ನು ಹಿಡಿಯೋಕೆ ಅಂತ ಕಟ್ಟಿದ ಪಡೆ ನಾಳೆ ಕಾರ್ಖಾನೆ ಗೇಟಿನ ಮುಂದೆ ಬಂದು ನಿಂತರೆ ಗತಿ ಏನು ಅನ್ನೋದು ನ್ಯೂಯಾರ್ಕ್‌ನ ಕಾರ್ಮಿಕ ಸಂಘಗಳ ಪ್ರಶ್ನೆ. ಹೀಗಾಗಿ ಮಸೂದೆ ಸಲೀಸಾಗಿ ಪಾಸಾಗಲಿಲ್ಲ.

1917ರ ಏಪ್ರಿಲ್ 6ರಂದು ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳೀತು. ನ್ಯಾಷನಲ್ ಗಾರ್ಡ್ ಯುದ್ಧಕ್ಕೆ ಹೊರಟರೆ ರಾಜ್ಯದ ಕೈಯಲ್ಲಿ ಏನೂ ಉಳಿಯಲ್ಲ ಅನ್ನೋ ಆತಂಕ ಶುರುವಾಯ್ತು. ಐದೇ ದಿನಕ್ಕೆ, ಏಪ್ರಿಲ್ 11ರಂದು, ರಾಜ್ಯಪಾಲ ಚಾರ್ಲ್ಸ್ ವಿಟ್‌ಮನ್ ಕಾನೂನಿಗೆ ಸಹಿ ಹಾಕಿದರು. ಅಲ್ಲಿ ರಾಜ್ಯಪಾಲ ಅಂದ್ರೆ ಇಲ್ಲಿನ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸಿದವರು. ಮೇ ತಿಂಗಳಲ್ಲಿ ಪಡೆಯ ಮೊದಲ ಮುಖ್ಯಸ್ಥರಾಗಿ ಚಾಂಡ್ಲರ್ ನೇಮಕ ಆಯ್ತು. ಆಗ ಅವರಿಗೆ 44 ವರ್ಷ. ಪೊಲೀಸ್ ಕೆಲಸ ಮಾಡಿ ಗೊತ್ತಿಲ್ಲದ ಡಾಕ್ಟರ್ ಕೈಗೆ ಇಡೀ ರಾಜ್ಯದ ಪಡೆ ಬಂತು.

ಆ ಕಾನೂನಿನಲ್ಲಿ ಎರಡು ಮಾತು ಇದ್ದವು. ಒಂದು, ಈ ಪಡೆ ರಾಜ್ಯದ ಬೇರೆ ಇಲಾಖೆಗಳ ಜೊತೆ, ಸ್ಥಳೀಯ ಆಡಳಿತದ ಜೊತೆ ಕೈಜೋಡಿಸಿ ಕೆಲಸ ಮಾಡಬಹುದು. ಎರಡು, ನಗರದ ಒಳಗೆ ಗಲಭೆ ಅಡಗಿಸೋಕೆ ತಾನಾಗಿ ನುಗ್ಗೋ ಹಾಗಿಲ್ಲ. ರಾಜ್ಯಪಾಲರ ಆದೇಶ ಇರಬೇಕು, ಇಲ್ಲವೇ ಆ ನಗರದ ಮೇಯರ್ ಕೇಳಿಕೊಂಡು ರಾಜ್ಯಪಾಲರು ಒಪ್ಪಿರಬೇಕು. ಕರೆದರೆ ಬಾ, ಕರೆಯದೆ ನುಗ್ಗಬೇಡ ಅಂತ ಕಾನೂನೇ ಗೆರೆ ಎಳೆದಿತ್ತು.

ಡಾಕ್ಟರಿಗೆ ಈ ನಿಯಮ ಹೊಸದೇನಲ್ಲ. ಮನೆಗೆ ಕರೆದರೆ ಹೋಗಬೇಕು, ಕಾಯಿಲೆ ನೋಡಬೇಕು, ಔಷಧಿ ಕೊಟ್ಟು ವಾಪಸ್ ಬರಬೇಕು. ಅಲ್ಲೇ ಕುಂತು ಮನೆ ಯಜಮಾನಿಕೆ ಮಾಡೋ ಹಾಗಿಲ್ಲ.

ಮೊದಲ ಡ್ಯೂಟಿ ಜಾತ್ರೆಗೆ

ಚಾಂಡ್ಲರ್ ಆರಿಸಿಕೊಂಡ ಮೊದಲ ತಂಡದಲ್ಲಿ 232 ಮಂದಿ. ಅವರನ್ನೆಲ್ಲ ಮಾನ್ಲಿಯಸ್ ಅನ್ನೋ ಊರಿನ ಬಯಲಲ್ಲಿ ಡೇರೆ ಹಾಕಿಸಿ ಬೇಸಿಗೆ ಪೂರ್ತಿ ತರಬೇತಿ ಕೊಟ್ಟರು. ಆ ಶಿಬಿರಕ್ಕೆ ನ್ಯೂಯೆಲ್ ಮತ್ತು ಮೇಯೋ ಇಬ್ಬರ ಹೆಸರನ್ನೂ ಕೂಡಿಸಿ ಕ್ಯಾಂಪ್ ನ್ಯೂವೇಯೋ ಅಂತ ಹೆಸರಿಟ್ಟರು. ಕುದುರೆ ಸವಾರಿ, ಕಾನೂನು, ಬಂದೂಕು ಎಲ್ಲ ಕಲಿಸಿದರು.

ತರಬೇತಿ ಮುಗಿದ ಮೇಲೆ ಮೊದಲ ಕೆಲಸ ಎಲ್ಲಿ ಅಂತೀರಾ? ಮುಷ್ಕರಕ್ಕೂ ಅಲ್ಲ, ಡಕಾಯಿತರ ಬೇಟೆಗೂ ಅಲ್ಲ. ಹತ್ತಿರದ ಸಿರಾಕ್ಯೂಸ್ ನಗರದಲ್ಲಿ ನಡೆಯೋ ರಾಜ್ಯ ಮೇಳದ ಬಂದೋಬಸ್ತಿಗೆ.

ಈ ಮೇಳ 1841ರಲ್ಲಿ ಶುರುವಾದದ್ದು. ಅಮೆರಿಕದಲ್ಲಿ ರಾಜ್ಯ ಮಟ್ಟದ ಮೇಳ ಅಂತ ನಡೆದದ್ದು ಅದೇ ಮೊದಲು. ಇಲ್ಲಿನ ದನದ ಜಾತ್ರೆ, ಕೃಷಿ ಮೇಳ ಎರಡೂ ಸೇರಿದ ಹಾಗೆ. ಹಸು, ಕುದುರೆ, ಹಣ್ಣು, ಬೆಣ್ಣೆ, ಯಂತ್ರ, ಆಟ, ತಿಂಡಿ ಎಲ್ಲ ಒಂದೇ ಕಡೆ. 1917ರ ಹೊತ್ತಿಗೆ ರಸ್ತೆಯ ಚಿತ್ರವೇ ಬದಲಾಗಿತ್ತು. ಕುದುರೆ ಗಾಡಿ ಕಟ್ಟಿಕೊಂಡು ಬರೋ ರೈತ ಒಂದು ಕಡೆ, ಹೊಸದಾಗಿ ಫೋರ್ಡ್ ಕಾರು ಕೊಂಡವನು ಇನ್ನೊಂದು ಕಡೆ, ಇಬ್ಬರೂ ಅದೇ ಮಣ್ಣಿನ ರಸ್ತೆಯಲ್ಲಿ. ಕಾರಿನ ಸದ್ದಿಗೆ ಕುದುರೆ ಬೆದರಿದರೆ ಆಯ್ತು, ಅಲ್ಲಿಗೆ ದಾರಿ ಬಂದ್.

ಇಂಥ ಜನರ ನಡುವೆ ಹೊಸ ಪಡೆ ಮೊದಲ ಸಲ ಕಾಣಿಸಿಕೊಳ್ತು. ರಾಜ್ಯದ ಮೂಲೆ ಮೂಲೆಯಿಂದ ಬಂದ ರೈತರು ಇವರನ್ನು ನೋಡಿದ್ದು ತಮ್ಮ ಜಾತ್ರೆ ಕಾಯೋರಾಗಿ. ಊರಿಗೆ ವಾಪಸ್ ಹೋದವರು ಹೊಸ ಪೊಲೀಸರ ಸುದ್ದಿಯನ್ನೂ ಜೊತೆಗೆ ಒಯ್ದರು. ಮೇಳ ಮುಗಿದ ಮೇಲೆ ಪಡೆ ನಾಲ್ಕು ತುಕಡಿಯಾಗಿ ಹಂಚಿಹೋಯ್ತು. ಎ, ಡಿ, ಜಿ, ಕೆ ಅಂತ ಅಕ್ಷರದ ಹೆಸರು. ಪಶ್ಚಿಮಕ್ಕೊಂದು, ನಡು ಭಾಗಕ್ಕೊಂದು, ರಾಜಧಾನಿ ಆಲ್ಬನಿ ಕಡೆಗೊಂದು, ನ್ಯೂಯಾರ್ಕ್ ನಗರದ ಮಗ್ಗುಲಿಗೊಂದು. ಅಲ್ಲಿಂದ ಕುದುರೆ ಮೇಲೆ ಹಳ್ಳಿ ಹಳ್ಳಿ ಗಸ್ತು.

ಕರಿ ನೂಲು, ಬಿಳಿ ನೂಲು

ಸಮವಸ್ತ್ರದ ವಿಷಯದಲ್ಲೂ ಚಾಂಡ್ಲರ್ ತಲೆ ಕೆಡಿಸಿಕೊಂಡಿದ್ದರು. ನಗರದ ಪೊಲೀಸರದ್ದು ನೀಲಿ, ಸೈನಿಕರದ್ದು ಮಣ್ಣಿನ ಬಣ್ಣ. ಇವರದ್ದು ಎರಡೂ ಅಲ್ಲದ ಬೂದು. ಕಪ್ಪು ನೂಲು, ಬಿಳಿ ನೂಲು ಸಮಸಮ ಹಾಕಿ ನೇಯ್ದ ಬಟ್ಟೆ ಅದು. ಒಳ್ಳೇದು, ಕೆಟ್ಟದ್ದು ಎರಡರ ನಡುವೆ ನಿಲ್ಲೋನು ಪೊಲೀಸ್ ಅನ್ನೋದು ಅದರ ಅರ್ಥ ಅಂತ ಪಡೆಯೊಳಗೆ ಹೇಳಿಕೊಂಡು ಬಂದಿದ್ದಾರೆ. ಟೈ ಮತ್ತು ಟೋಪಿ ಪಟ್ಟಿಗೆ ನೇರಳೆ ಬಣ್ಣ. ಇವತ್ತಿಗೂ ನ್ಯೂಯಾರ್ಕ್ ರಾಜ್ಯ ಪೊಲೀಸರ ಗುರುತು ಅದೇ.

ಪಿಸ್ತೂಲಿನ ವಿಷಯ ಇನ್ನೊಂದು. ಆಗ ಅಲ್ಲಿನ ಪೊಲೀಸರು ಪಿಸ್ತೂಲನ್ನು ಕೋಟಿನ ಒಳಗೆ ಇಟ್ಟುಕೊಳ್ತಿದ್ದರು. ಚಾಂಡ್ಲರ್ ಅದನ್ನು ಸೊಂಟದ ಬೆಲ್ಟಿಗೆ, ಎಲ್ಲರಿಗೂ ಕಾಣೋ ಹಾಗೆ ಹಾಕಿಸಿದರು. ಈಗ ಸಿನಿಮಾದಲ್ಲಿ ನೋಡಿ ನೋಡಿ ಇದು ಮಾಮೂಲು ಅನಿಸುತ್ತೆ, ಆಗ ಹೊಸದು. ಇದ್ದದ್ದು ಇದ್ದ ಹಾಗೆ ಕಾಣಲಿ ಅನ್ನೋದು ಒಂದು ಲೆಕ್ಕ, ಬೇಕಾದಾಗ ಕೈಗೆ ಸಿಗಲಿ ಅನ್ನೋದು ಇನ್ನೊಂದು. ಕಾರ್ಮಿಕರ ಕಣ್ಣಿಗೆ ಮಾತ್ರ ಕುದುರೆ ಮೇಲೆ ಕುಂತವನ ಸೊಂಟದಲ್ಲಿ ಪಿಸ್ತೂಲು ಕಂಡದ್ದು ಸಮಾಧಾನದ ವಿಷಯ ಆಗಿರಲಿಕ್ಕಿಲ್ಲ.

ಗೆರೆ ಪರೀಕ್ಷೆಗೆ ಬಿದ್ದ ವರ್ಷ

1919 ಕಷ್ಟದ ವರ್ಷ. ಯುದ್ಧ ಮುಗಿದಿತ್ತು, ಸಾಮಾನಿನ ಬೆಲೆ ಏರಿತ್ತು, ದೇಶದ ತುಂಬ ಮುಷ್ಕರ. ನ್ಯೂಯಾರ್ಕ್ ರಾಜ್ಯದಲ್ಲೇ ರೋಮ್ ಅಂತ ಒಂದು ನಗರ ಇದೆ. ಇಟಲಿಯ ಊರಿನ ಹೆಸರೇ, ಆದರೆ ಇದು ತಾಮ್ರ, ಹಿತ್ತಾಳೆ ಕಾರ್ಖಾನೆಗಳ ಊರು. ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದರು, ಗಲಾಟೆ ಜೋರಾಯ್ತು, ರಾಜ್ಯ ಪೊಲೀಸರು ಬಂದರು. ಕಾರ್ಮಿಕ ಸಂಘಗಳು ಎರಡು ವರ್ಷದ ಹಿಂದೆ ಹೇಳಿದ ಭಯ ಕಣ್ಣ ಮುಂದೆಯೇ ನಿಂತಿತ್ತು.

ಕೊನೆಗೆ ಜಗಳ ಬಗೆಹರಿದದ್ದು ಲಾಠಿಯಿಂದ ಅಲ್ಲ, ಮಾತುಕತೆಯಿಂದ. ಮಾತುಕತೆಗೆ ಅಲ್ಲಿಗೆ ಹೋದ ರಾಜ್ಯದ ಅಧಿಕಾರಿ ಫ್ರಾನ್ಸಿಸ್ ಪರ್ಕಿನ್ಸ್. ಮುಂದೆ 1933ರಲ್ಲಿ ಅಮೆರಿಕದ ಕಾರ್ಮಿಕ ಮಂತ್ರಿಯಾಗಿ, ಆ ದೇಶದ ಸಂಪುಟ ಸೇರಿದ ಮೊದಲ ಮಹಿಳೆ ಅನಿಸಿಕೊಂಡವರು. ಅದೇ 1919ರಲ್ಲಿ ಲ್ಯಾಕವಾನಾದ ಉಕ್ಕಿನ ಮುಷ್ಕರಕ್ಕೂ, 1922ರಲ್ಲಿ ಬಫಲೋದ ಟ್ರಾಮ್ ನೌಕರರ ಮುಷ್ಕರಕ್ಕೂ ರಾಜ್ಯ ಪೊಲೀಸರು ಹೋದರು. ಇವು ಚಾಂಡ್ಲರ್ ಕಾಲದ ನುಣುಪಾದ ಪುಟಗಳಲ್ಲ. ಜಾತ್ರೆಯಲ್ಲಿ ದಾರಿ ಬಿಡಿಸಿಕೊಟ್ಟ ಅದೇ ಕುದುರೆ ಕಾರ್ಖಾನೆ ಗೇಟಿನ ಮುಂದೆ ಬೇರೆಯೇ ಥರ ಕಾಣುತ್ತೆ. ಕರೆದವರು ಯಾರು ಅನ್ನೋದು ಅಷ್ಟು ಮುಖ್ಯ. ಇಡೀ ಊರು ಕರೆದರೆ ಬಂದವನು ನೆಂಟ. ಊರಿನ ಒಂದು ಗುಂಪು ಮಾತ್ರ ಕರೆದರೆ ಇನ್ನೊಂದು ಗುಂಪಿಗೆ ಅವನು ಶತ್ರು.

ಆ ಹೊತ್ತಿಗೆ ರಾಜ್ಯಪಾಲರಾಗಿದ್ದವರು ಆಲ್ ಸ್ಮಿತ್. ನ್ಯೂಯಾರ್ಕ್ ನಗರದ ಬಡವರ ಬೀದಿಯಲ್ಲಿ ಬೆಳೆದವರು, ಕಾರ್ಮಿಕರ ಬೆಂಬಲದಿಂದ ಬಂದವರು. ಇವರು ಈ ಪಡೆಯನ್ನು ಮುಚ್ಚಿಬಿಡ್ತಾರೆ ಅನ್ನೋ ಮಾತು ಹಬ್ಬಿತ್ತು. ಮುಚ್ಚಲಿಲ್ಲ. ಅಷ್ಟರಲ್ಲಿ ಹಳ್ಳಿಯ ಜನ ಪಡೆಗೆ ಒಗ್ಗಿಹೋಗಿದ್ದರು. ಕಳುವಾದ ಕುದುರೆ, ರಸ್ತೆಯಲ್ಲಿ ಅಪಘಾತ, ಊರಿನ ಮೇಳ, ಹೀಗೆ ಯಾವುದಕ್ಕೆ ಕರೆದರೂ ಬರೋರು ಇವರೇ ಆಗಿದ್ದರು. ಚಾಂಡ್ಲರ್ ನಂತರ ಪಡೆಯ ಮುಖ್ಯಸ್ಥರಾದ ಜಾನ್ ವಾರ್ನರ್ 1926ರಲ್ಲಿ ಇದೇ ಸ್ಮಿತ್ ಅವರ ಅಳಿಯ ಆದರು ಅನ್ನೋದು ಕಥೆಯ ಇನ್ನೊಂದು ತಿರುವು.

ಶಾಲೆ, ಪುಸ್ತಕ, ಮತ್ತೆ ಸ್ಟೆತಸ್ಕೋಪ್

1920ರ ನಂತರ ಕಾರು ಹೆಚ್ಚಾದವು. ಕುದುರೆ ಗಸ್ತು ಕಡಿಮೆಯಾಗ್ತಾ ಮೋಟಾರ್ ಸೈಕಲ್, ಕಾರು ಬಂದವು. ಹೆದ್ದಾರಿಯ ಟ್ರಾಫಿಕ್ ನೋಡಿಕೊಳ್ಳೋದೇ ಪಡೆಯ ದೊಡ್ಡ ಕೆಲಸ ಆಗ್ತಾ ಬಂತು. ಅದಕ್ಕೂ ಕಾರಣ ಸುಲಭ. ಒಂದು ಊರಿನ ಕಾನ್‌ಸ್ಟೇಬಲ್ ತನ್ನ ಗಡಿಯೊಳಗೆ ಮಾತ್ರ ಕೈ ಅಡ್ಡ ಹಿಡಿಯಬಲ್ಲ. ಕಾರು ಒಂದೇ ಗಂಟೆಯಲ್ಲಿ ಹಲವು ಊರು ದಾಟಿರುತ್ತೆ. ಗಡಿ ದಾಟೋ ರಸ್ತೆಗೆ ಗಡಿ ದಾಟೋ ಪೊಲೀಸೇ ಬೇಕಿತ್ತು.

1921ರಲ್ಲಿ ಚಾಂಡ್ಲರ್ ಟ್ರಾಯ್ ಅನ್ನೋ ನಗರದಲ್ಲಿ ಪೊಲೀಸರಿಗಾಗಿ ಶಾಲೆ ಶುರು ಮಾಡಿಸಿದರು. ಅಮೆರಿಕದಲ್ಲಿ ಇಂಥ ಶಾಲೆಗಳು ಆಗ ಬೆರಳೆಣಿಕೆಯಷ್ಟು. ಮರುವರ್ಷ ಪೊಲೀಸ್ ಕೆಲಸದ ಬಗ್ಗೆ ಪುಸ್ತಕ ಬರೆದರು. ಅದರ ಹೆಸರಿನಲ್ಲಿ ಕಾನೂನು ಅಂತಾಗಲಿ, ಅಧಿಕಾರ ಅಂತಾಗಲಿ ಇಲ್ಲ, ಪೊಲೀಸನ ಕಲೆ ಅನ್ನೋ ಅರ್ಥದ ಹೆಸರು. ಸರ್ಜನ್ ಕೈಗೆ ಅಭ್ಯಾಸ ಬೇಕಾದ ಹಾಗೆ ಪೊಲೀಸ್ ಕೈಗೂ ಅಭ್ಯಾಸ ಬೇಕು, ಸಮವಸ್ತ್ರ ಹಾಕಿದ ಕೂಡಲೇ ಯಾರೂ ಪೊಲೀಸ್ ಆಗಲ್ಲ ಅನ್ನೋದು ಅವರ ಶಾಲೆಯ ಹಿಂದಿದ್ದ ನಂಬಿಕೆ.

1923ರಲ್ಲಿ ಚಾಂಡ್ಲರ್ ಹುದ್ದೆ ಬಿಟ್ಟರು. ಆರು ವರ್ಷದ ಕೆಲಸ. ಪಡೆ ನಿಂತಿತ್ತು, ನಿಯಮ ಆಗಿತ್ತು, ಶಾಲೆ ಆಗಿತ್ತು. ಕಿಂಗ್‌ಸ್ಟನ್‌ಗೆ ವಾಪಸ್ ಹೋಗಿ ಮತ್ತೆ ರೋಗಿಗಳನ್ನು ನೋಡೋಕೆ ಶುರು ಮಾಡಿದರು. ನಾಲ್ಕು ದಶಕ ಬದುಕಿ, 1964ರಲ್ಲಿ 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ ಬಂದ ಜಾತ್ರೆಗಳು

ಚಾಂಡ್ಲರ್ ತೀರಿ ಐದು ವರ್ಷಕ್ಕೆ, 1969ರ ಆಗಸ್ಟ್‌ನಲ್ಲಿ, ಬೆತೆಲ್ ಅನ್ನೋ ಪುಟ್ಟ ಊರಿನ ಹಾಲಿನ ರೈತನೊಬ್ಬನ ಹೊಲದಲ್ಲಿ ವುಡ್‌ಸ್ಟಾಕ್ ಸಂಗೀತ ಹಬ್ಬ ನಡೀತು. ನಿರೀಕ್ಷೆ ಮೀರಿ 4 ಲಕ್ಷದಷ್ಟು ಜನ ಬಂದರು. ಮೈಲಿಗಟ್ಟಲೆ ಕಾರು ನಿಂತವು. ಜನ ಕಾರನ್ನು ರಸ್ತೆಯಲ್ಲೇ ಬಿಟ್ಟು ನಡೆದು ಹೋದರು. ಅಂಥ ರಸ್ತೆ ಬಿಡಿಸೋದು ಆ ಊರಿನ ಯಾವ ಪೊಲೀಸಿನ ಕೈಲೂ ಆಗೋ ಮಾತಲ್ಲ. ಶೆರಿಫ್ ಕಡೆಯವರ ಜೊತೆ ರಾಜ್ಯ ಪೊಲೀಸರು ರಸ್ತೆಗೆ ಇಳಿದರು. ಅಷ್ಟು ಜನ, ಮಳೆ, ಕೆಸರು, ಊಟದ ತತ್ವಾರ ಎಲ್ಲ ಇದ್ದರೂ ದೊಡ್ಡ ಹೊಡೆದಾಟ ಆಗಲಿಲ್ಲ. ಊರಿನ ಜನ ಊಟ ಕಳಿಸಿಕೊಟ್ಟರು. 1980ರಲ್ಲಿ ಲೇಕ್ ಪ್ಲಾಸಿಡ್ ಅನ್ನೋ ಮಲೆನಾಡಿನಂಥ ಸಣ್ಣ ಊರಿಗೆ ಚಳಿಗಾಲದ ಒಲಿಂಪಿಕ್ಸ್ ಬಂದಾಗಲೂ ಭದ್ರತೆಗೆ ನಿಂತದ್ದು ಇದೇ ಬೂದು ಸಮವಸ್ತ್ರ.

ಆ ದೇಶದ ವ್ಯವಸ್ಥೆ ಬೇರೆ, ಇಲ್ಲಿಯದು ಬೇರೆ. ಇಲ್ಲಿ ಎಲ್ಲರೂ ಒಂದೇ ಇಲಾಖೆಯವರು, ಮೇಲಿನಿಂದ ಆದೇಶ ಬಂದರೆ ತುಕಡಿ ಹೊರಡುತ್ತೆ. ಆದರೆ ಬೇರೆ ಜಿಲ್ಲೆಯಿಂದ ಬಂದು ರಾತ್ರಿಯಿಡೀ ತೇರು ಬೀದಿಯಲ್ಲಿ ನಿಲ್ಲೋ ಪೇದೆಗೂ ಊರು ಹೊಸದೇ. ಅವನಿಗೆ ಆ್ಯಂಬುಲೆನ್ಸ್ ದಾರಿ ತೋರಿಸೋದು, ಎಲ್ಲಿ ಹಗ್ಗ ಕಟ್ಟಿದರೆ ಜನ ಸಲೀಸಾಗಿ ಸಾಗ್ತಾರೆ ಅಂತ ಹೇಳೋದು, ಒಂದು ಲೋಟ ಟೀ ಕೊಡೋದು ಊರಿನವರ ಕೈಲೇ ಇದೆ. ಬ್ಯಾರಿಕೇಡ್ ಹಾಕೋ ಮುಂಚೆ ಅಂಗಡಿಯವರನ್ನೂ ಠಾಣೆಗೆ ಕರೆದು ಕೂರಿಸಿ ಮಾತಾಡೋದು ಅಧಿಕಾರಿಗಳ ಕೈಲಿದೆ.

ಸಿರಾಕ್ಯೂಸ್ ಮೇಳ ಈಗಲೂ ಪ್ರತಿ ವರ್ಷ ಬೇಸಿಗೆ ಕೊನೆಗೆ ನಡೆಯುತ್ತೆ. ಸೆಪ್ಟೆಂಬರ್ ಮೊದಲ ಸೋಮವಾರ, ಅಂದ್ರೆ ಅಲ್ಲಿನ ಕಾರ್ಮಿಕರ ದಿನದ ಹೊತ್ತಿಗೆ ಮುಗಿಯುತ್ತೆ. ಈಗ ಕುದುರೆ ಗಾಡಿಗಳ ಸಾಲಿಲ್ಲ, ಕಾರುಗಳದ್ದೇ ಸಾಲು. ಅವುಗಳಿಗೆ ದಾರಿ ಬಿಡಿಸೋರಲ್ಲಿ ನೇರಳೆ ಟೈ ಕಟ್ಟಿದ ರಾಜ್ಯ ಪೊಲೀಸರು ಈಗಲೂ ಇದ್ದಾರೆ.